ಬುದ್ಧಿ ಹೇಳದ ಕೆಲಸ

ಸೋಮನಹಳ್ಳಿಯಿಂದ ಹೊರದೇಶಕ್ಕೆ ಹೋದವರ ಮಾತೆತ್ತಿದರೆ ಊರಲ್ಲಿ ಮೊದಲು ಬರುವುದು ಒಂದೇ ಹೆಸರು. ಮಲ್ಲಯ್ಯನವರ ಮಗ ಕೃಷ್ಣ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಲಾ ಕಾಲೇಜು ಮುಗಿಸಿ ಅಮೆರಿಕಕ್ಕೆ ಹೋದರು. ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಓದಿದರು, ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲೂ ಇದ್ದರು. ಊರಿಗೆ ಮರಳಿ 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ಗೆದ್ದು ವಿಧಾನಸಭೆ ಸೇರಿದರು. ಆಮೇಲಿನ ಕತೆ ಎಲ್ಲರಿಗೂ ಗೊತ್ತು: 1999ರಲ್ಲಿ ಮುಖ್ಯಮಂತ್ರಿ, 2009ರಲ್ಲಿ ದೇಶದ ವಿದೇಶಾಂಗ ಸಚಿವ. ಹಾಗಾಗಿ ನಮ್ಮೂರಲ್ಲಿ ಯಾರಾದರೂ ಪಾಸ್‌ಪೋರ್ಟ್ ಮಾಡಿಸಿದರೆ ಅವನಿಗೊಂದು ಅಳತೆಗೋಲು ಮೊದಲೇ ಸಿದ್ಧವಾಗಿರುತ್ತದೆ. ಹೋದರೆ ಹಂಗೆ ಹೋಗಬೇಕು, ಬಂದರೆ ಹಂಗೆ ಬರಬೇಕು.

ನಾನು ಹೋದದ್ದು ಹಂಗಲ್ಲ.

“ಎಲ್ಲಿಗ್ಲಾ ಒಂಟಿದ್ದೀಯೆ?” ಸರ್ವಿಸ್ ರಸ್ತೆ ಪಕ್ಕದ ಟೀ ಅಂಗಡಿಯಲ್ಲಿ ದೊಡ್ಡಪ್ಪ ಕೇಳಿದರು.

“ಇಂಗ್ಲೆಂಡಿಗೆ, ದೊಡ್ಡಪ್ಪ.”

“ಏನ್ ಕೆಲ್ಸ?”

“ಉಡುಗ್ರನ್ನ ನೋಡ್ಕಳದು. ಅಪ್ಪ ಅವ್ವನ ಜೊತೆ ಇರಕ್ಕಾಗ್ದಿರೋ ಉಡುಗ್ರು, ಅದ್ನಾರು ಅದ್ನೇಳು ವರ್ಸದವ್ರು. ಅವ್ರಿರೋ ಮನೇಲಿ ನಾವೂ ಇರೋದು.”

ದೊಡ್ಡಪ್ಪ ಟೀ ಲೋಟ ಕೆಳಗಿಟ್ಟರು. “ನಾಕ್ ಬುದ್ಧಿ ಮಾತ್ ಏಳಕ್ಕೆ ಅಲ್ಲೀಗಂಟ ಓಗ್ಬೇಕೇನ್ಲಾ? ಏಳಿಸ್ಕಳೋರು ಇಲ್ಲೇ ಬೇಕಾದಷ್ಟು ಜನ ಅವ್ರಲ್ಲ!”

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅದು 2023. ಮಾರ್ಚ್ 12ರಂದು ಪ್ರಧಾನಿ ಗೆಜ್ಜಲಗೆರೆಗೆ ಬಂದು ಬೆಂಗಳೂರು–ಮೈಸೂರು ದಶಪಥ ಉದ್ಘಾಟಿಸಿ ಹೋಗಿದ್ದರು. ಆಗಸ್ಟ್ 1ರಿಂದ ಅದರ ಮೇಲೆ ಬೈಕು, ಆಟೊ, ಟ್ರಾಕ್ಟರ್ ಹತ್ತುವಂತಿಲ್ಲ ಎಂದಾಯಿತು. ಊರಿನ ಹುಡುಗರ ಹತ್ತಿರ ಇದ್ದದ್ದು ಬೈಕುಗಳೇ. ಸಂಜೆ ಸರ್ವಿಸ್ ರಸ್ತೆಯಲ್ಲಿ ಗಾಡಿ ಸ್ಟ್ಯಾಂಡ್ ಹಾಕಿ ಕೂತು, ಬೇಲಿಯಾಚೆ ಹಾರಿಹೋಗುವ ಕಾರುಗಳನ್ನು ನೋಡುತ್ತಿದ್ದರು. ಅದೇ ವರ್ಷದ ಫೆಬ್ರುವರಿ 23ರಂದು ನಮ್ಮದೇ ತಾಲ್ಲೂಕಿನ ಕೆ. ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಗಂಡುಗಳು ಹೊರಟಿದ್ದರು. ಟೀವಿಯವರು ಅದನ್ನು ಬ್ರಹ್ಮಚಾರಿಗಳ ಪಾದಯಾತ್ರೆ ಎಂದು ತೋರಿಸಿ ಇಡೀ ನಾಡನ್ನು ನಗಿಸಿದರು. ಗದ್ದೆಯಿದೆ, ಕಬ್ಬಿದೆ, ಹೆಣ್ಣು ಕೊಡುವವರಿಲ್ಲ. ನಡೆದವರಲ್ಲಿ ಕೆಲವರು ನನಗೆ ಗೊತ್ತಿದ್ದವರು. ಅವರು ಯಾರೂ ನಗುತ್ತಿರಲಿಲ್ಲ.

ಆಗ ನಾನು ಮಂಡ್ಯದಲ್ಲಿ ಯುವ ಪರಿವರ್ತಕನಾಗಿದ್ದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಜಿಲ್ಲೆ ಜಿಲ್ಲೆಗಳಲ್ಲಿ ನಡೆಸುವ ಯುವಸ್ಪಂದನ ಕೇಂದ್ರಗಳ ಕೆಲಸ ಅದು. ಕಾಲೇಜು, ಹಾಸ್ಟೆಲ್, ಯುವಕ ಸಂಘ ಸುತ್ತಿ, ಓದು, ಕುಡಿತ, ಪ್ರೀತಿ, ಸಿಟ್ಟು, ಸಾಯುವ ಯೋಚನೆ, ಯಾವುದೇ ಆಗಲಿ ಮಾತಾಡಬೇಕೆನ್ನುವವರ ಜೊತೆ ಮಾತಾಡಬೇಕು. ಪಿಯುಸಿಯಲ್ಲಿ ಫೇಲಾದವನ ಮನೆಗೆ ಹೋದರೆ ನನಗಿಂತ ಮುಂಚೆ ಅಲ್ಲಿ ಮೂರು ಜನ ಬಂದು ಬುದ್ಧಿ ಹೇಳಿ ಹೋಗಿರುತ್ತಿದ್ದರು. ಸೋದರಮಾವ, ಟ್ಯೂಷನ್ ಮೇಷ್ಟ್ರು, ಪಂಚಾಯ್ತಿ ಮೆಂಬರು. ಹೇಳಿದ್ದರಲ್ಲಿ ತಪ್ಪಿರುವುದಿಲ್ಲ: ಮತ್ತೆ ಕಟ್ಟು, ಕುಡಿಯಬೇಡ, ಬೆಂಗಳೂರು ಸೇರು, ಕಬ್ಬು ಬಿಟ್ಟು ರೇಷ್ಮೆ ಹಾಕು. ಚಿಕ್ಕರಸಿನಕೆರೆ ಕಡೆಯವನೊಬ್ಬ ನನಗೆ ಹೇಳಿದ ಒಂದು ಮಾತು ಮಾತ್ರ ನಿಂತುಬಿಟ್ಟಿತು. “ಎಲ್ರೂ ಬುದ್ಧಿ ಏಳ್ಬುಟ್ಟು ಎದ್ದೋಯ್ತಾರೆ ಕಣಣ್ಣ.”

ಎದ್ದು ಹೋಗದಿರುವುದಕ್ಕೇ ಸಂಬಳ ಕೊಡುವ ಕೆಲಸವೊಂದು ಇದೆ ಎಂದು ನನಗೆ ಗೊತ್ತಾದದ್ದು ಆಮೇಲೆ.

ಕಾಗದಪತ್ರದ ಕತೆ ಬೇಗ ಮುಗಿಸುತ್ತೇನೆ. ಪಾಸ್‌ಪೋರ್ಟ್ ಮೊದಲೇ ಇತ್ತು, ಮೈಸೂರಿನ ಅಂಚೆ ಕಚೇರಿಯಲ್ಲಿ ಮಾಡಿಸಿದ್ದು. ಅಂಚೆ ಕಚೇರಿಯೊಳಗೇ ಪಾಸ್‌ಪೋರ್ಟ್ ಕೇಂದ್ರ ತೆರೆಯುವ ಪ್ರಯೋಗ ದೇಶದಲ್ಲಿ ಶುರುವಾದದ್ದು 2017ರ ಜನವರಿಯಲ್ಲಿ, ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ. ಅದಕ್ಕೂ ಮುಂಚೆ, 2010ರಲ್ಲಿ, ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ಮೊದಲ ಪ್ರಯೋಗವೂ ಕರ್ನಾಟಕದಲ್ಲೇ ಆಗಿತ್ತು. ಆಗ ವಿದೇಶಾಂಗ ಸಚಿವರು ನಮ್ಮೂರಿನವರು. ಇಂಗ್ಲಿಷ್ ಪರೀಕ್ಷೆ, ಕ್ಷಯರೋಗದ ಎಕ್ಸ್‌ರೇ, ಪೊಲೀಸ್ ಕ್ಲಿಯರೆನ್ಸ್ ಎಲ್ಲ ಆಯಿತು. ಮಕ್ಕಳ ಜೊತೆ ಕೆಲಸ ಮಾಡುವವನಾದ್ದರಿಂದ ಪೊಲೀಸ್ ಕಾಗದ ಬರೀ ನೆಪಕ್ಕಲ್ಲ, ಅದಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಇಂಗ್ಲೆಂಡಿನಲ್ಲಿ ಇಳಿದ ಮೇಲೆ ನಿವಾಸದ ಗುರುತಿನ ಚೀಟಿ ಪಡೆಯಲು ಮತ್ತೆ ಅಂಚೆ ಕಚೇರಿಗೇ ಹೋಗಬೇಕಿತ್ತು. ಅಲ್ಲಿಯೂ ಕ್ಯೂ, ಅಲ್ಲಿಯೂ ಗಾಜಿನ ಹಿಂದೆ ಕನ್ನಡಕದ ಒಬ್ಬ ಹೆಂಗಸು. ಮನಸ್ಸಿಗೆ ಒಂದಿಷ್ಟು ಹಾಯೆನಿಸಿತು.

ಬೆಂಗಳೂರಿನಿಂದ ದುಬೈ, ದುಬೈಯಿಂದ ಮ್ಯಾಂಚೆಸ್ಟರ್, ಅಲ್ಲಿಂದ ರೈಲಿನಲ್ಲಿ ಪ್ರೆಸ್ಟನ್. ಲ್ಯಾಂಕಾಷೈರಿನ ಈ ಊರು ಹತ್ತಿಯಿಂದ ಬೆಳೆದದ್ದು. ನೂಲುವ ಯಂತ್ರದ ರಿಚರ್ಡ್ ಆರ್ಕ್‌ರೈಟ್ 1732ರಲ್ಲಿ ಹುಟ್ಟಿದ್ದು ಇಲ್ಲೇ. ಗಿರಣಿಗಳು ಮುಚ್ಚಿ ಬಹಳ ಕಾಲವಾಗಿದೆ. ಉಳಿದಿರುವುದು ಗಿರಣಿ ಕೆಲಸಗಾರರಿಗಾಗಿ ಕಟ್ಟಿದ, ಒಂದಕ್ಕೊಂದು ಗೋಡೆ ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲು. ಲಂಡನ್ನಿಗೆ ಹೋಲಿಸಿದರೆ ಇಲ್ಲಿ ಮನೆ ಅಗ್ಗ. ನನ್ನ ಕೆಲಸಕ್ಕೂ ಈ ಅಗ್ಗಕ್ಕೂ ನೇರ ಸಂಬಂಧವಿದೆ. ಇಂಗ್ಲೆಂಡಿನಲ್ಲಿ ಸರ್ಕಾರದ ಪಾಲನೆಯಲ್ಲಿರುವ ಮಕ್ಕಳು 2024ರ ಮಾರ್ಚ್ ಅಂತ್ಯಕ್ಕೆ ಸುಮಾರು 83,600. ಅವರನ್ನು ಇರಿಸಿಕೊಳ್ಳುವ ನಿಲಯಗಳಲ್ಲಿ ಹೆಚ್ಚಿನವು ಖಾಸಗಿ, ಮತ್ತು ಅವು ಅತಿ ಹೆಚ್ಚು ಇರುವುದು ವಾಯವ್ಯ ಭಾಗದಲ್ಲಿ, ಅಂದರೆ ಮನೆ ಅಗ್ಗವಾಗಿರುವ ಕಡೆ. ಹಾಗಾಗಿ ದಕ್ಷಿಣದ ಊರಿನ ಮಗು ಇನ್ನೂರು ಮೈಲಿ ದೂರದ, ಮಾತಿನ ಧಾಟಿಯೇ ಬೇರೆಯಿರುವ ಊರಿಗೆ ಬಂದು ಬೀಳುತ್ತದೆ. ನಮ್ಮಲ್ಲಿ ಇದಕ್ಕೆ ಸಂತೆಯ ಲೆಕ್ಕ ಎನ್ನುತ್ತಾರೆ. ಅಲ್ಲಿಯವರು ಇನ್ನಷ್ಟು ನಾಜೂಕಾದ ಹೆಸರಿಟ್ಟುಕೊಂಡಿದ್ದಾರೆ.

ನಾನು ಸೇರಿದ್ದು ಹದಿನಾರು, ಹದಿನೇಳರವರಿಗಾಗಿ ಇರುವ ಮನೆ. ಹದಿನೆಂಟಕ್ಕೆ ಸ್ವಂತ ಕಾಲ ಮೇಲೆ ನಿಲ್ಲಲು ಇಲ್ಲಿ ತಯಾರಾಗಬೇಕು. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಕೋಣೆಗೆ ಅವರದೇ ಬೀಗದ ಕೈ, ಎಲ್ಲರಿಗೂ ಸೇರಿ ಒಂದು ಅಡಿಗೆಮನೆ, ಕೆಳಗೆ ನಮ್ಮ ಪುಟ್ಟ ಆಫೀಸು. ಇಂಥ ಮನೆಗಳಿಗೆ ಅಲ್ಲಿಯವರೆಗೆ ಸರಿಯಾದ ತಪಾಸಣೆಯೇ ಇರಲಿಲ್ಲ. 2023ರ ಅಕ್ಟೋಬರ್ 28ರಿಂದ ಆಫ್‌ಸ್ಟೆಡ್ ಎಂಬ ತಪಾಸಣಾ ಸಂಸ್ಥೆಯ ಬಳಿ ನೋಂದಣಿಗೆ ಅರ್ಜಿ ಹಾಕದೆ ನಡೆಸುವುದು ಅಪರಾಧವೆಂದಾಯಿತು. ನಾನು ಹೋದ ಹೊತ್ತಿಗೆ ಮನೆ ತುಂಬ ಫೈಲುಗಳು, ಬೆಂಕಿ ಆರಿಸುವ ಸಿಲಿಂಡರಿಗೆ ಹೊಸ ಚೀಟಿ, ಗೋಡೆಗೆ ಹೊಸ ಬಣ್ಣ. ತಪಾಸಣೆಗೆ ಮುಂಚೆ ಸುಣ್ಣ ಹೊಡೆಸುವುದು ನಮ್ಮ ಹಾಸ್ಟೆಲ್ಲುಗಳಿಗೆ ಮಾತ್ರ ಅಂಟಿದ ರೋಗ ಅಂದುಕೊಂಡಿದ್ದೆ.

ನನಗೆ ಕೆಲಸ ಕಲಿಸಿದವರು ಅರವತ್ತು ಸಮೀಪಿಸಿದ ಒಬ್ಬ ಹೆಂಗಸು. ಅವರ ಅಜ್ಜಿ ಪಕ್ಕದ ಡಾರ್ವೆನ್ನಿನ ಗಿರಣಿಯಲ್ಲಿದ್ದವರು. 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಡಾರ್ವೆನ್ನಿಗೆ ಬಂದು, ತಮ್ಮ ಸ್ವದೇಶಿಯಿಂದಲೇ ಕೆಲಸಕ್ಕೆ ಕುತ್ತು ಬಂದ ಗಿರಣಿ ಹೆಂಗಸರ ನಡುವೆ ನಿಂತು ಫೋಟೊ ತೆಗೆಸಿಕೊಂಡರಲ್ಲ, ಆ ಫೋಟೊ ಅವರಿಗೆ ಬಾಯಿಪಾಠ. ನಮ್ಮ ಮದ್ದೂರಿನ ಶಿವಪುರದಲ್ಲಿ 1938ರಲ್ಲಿ ಧ್ವಜ ಸತ್ಯಾಗ್ರಹ ನಡೆದ ಕತೆ ನಾನು ಹೇಳಿದೆ. ಅಲ್ಲಿಂದ ನಮ್ಮಿಬ್ಬರಿಗೆ ಸಲಿಗೆಯಾಯಿತು.

ಅವರ ಜೊತೆಗಿನ ಒಂದು ರಾತ್ರಿ ಪಾಳಿ ಹೇಳಬೇಕು. ಹತ್ತೂವರೆಗೆ ಮನೆ ಸೇರಬೇಕಾದ ಹುಡುಗ ಬಂದಿರಲಿಲ್ಲ. ಅವರು ಅವನಿಗೆ ಫೋನ್ ಮಾಡಿದರು, ಸಂದೇಶ ಕಳಿಸಿದರು, ಗೆಳೆಯನೊಬ್ಬನಿಗೆ ಕೇಳಿದರು, ಕೊನೆಗೆ ನಿಯಮದಂತೆ ಪೊಲೀಸರಿಗೆ ತಿಳಿಸಿದರು. ಎರಡು ಗಂಟೆ ಸುಮಾರಿಗೆ ಬಾಗಿಲಲ್ಲಿ ಬೀಗದ ಕೈ ಸದ್ದಾಯಿತು. ಹುಡುಗ ಒಳಗೆ ಬಂದ. ತಲೆಯೆಲ್ಲ ಮಳೆ, ಕಣ್ಣು ಕೆಂಪು, ಜಾಕೆಟ್ಟಿನಿಂದ ಗಾಂಜಾ ವಾಸನೆ. ನನ್ನ ಗಂಟಲಲ್ಲಿ ಮಂಡ್ಯ ಜಿಲ್ಲೆಯ ಅಷ್ಟೂ ಹಿರಿಯರು ಒಟ್ಟಿಗೆ ಎದ್ದು ನಿಂತರು. ಆಕೆ ಗಡಿಯಾರ ನೋಡಿದರು, ಪುಸ್ತಕದಲ್ಲಿ ಹೊತ್ತು ಬರೆದರು, ಪೊಲೀಸರಿಗೆ ಫೋನ್ ಮಾಡಿ ಬಂದನೆಂದು ಹೇಳಿದರು. ಆಮೇಲೆ ಅವನನ್ನು ಕೇಳಿದ್ದು ಒಂದೇ: “ಟೋಸ್ಟ್ ಮಾಡ್ಲಾ?”

ಅವನು ಉತ್ತರ ಕೊಡಲಿಲ್ಲ. ಅಡಿಗೆಮನೆಯ ಸ್ಟೂಲಿನ ಮೇಲೆ ಕೂತ. ಎರಡು ಚೂರು ಬ್ರೆಡ್ಡು ಟೋಸ್ಟರಿನಿಂದ ಹಾರಿಬಂದವು. ಬೆಣ್ಣೆ ಅಂಚಿನವರೆಗೆ ಸವರಿದರು. ಮೂಲೆ ಬಿಟ್ಟರೆ ಅವನಿಗೆ ಆಗುವುದಿಲ್ಲವಂತೆ. ಅವನು ತಿಂದ, ಇನ್ನೆರಡು ಕೇಳಿದ, ಅದನ್ನೂ ತಿಂದು ಮೇಲೆ ಹೋದ. ಎಲ್ಲಿಗೆ ಹೋಗಿದ್ದೆ, ಯಾರ ಜೊತೆ, ಏನು ಸೇದಿದೆ ಎಂಬುದೆಲ್ಲ ಮಾರನೆಯ ದಿನಕ್ಕೆ. ಅದಕ್ಕೂ ನಿಯಮವಿದೆ: ನಾಪತ್ತೆಯಾಗಿ ಮರಳಿದ ಹುಡುಗನನ್ನು ಮನೆಯ ಸಿಬ್ಬಂದಿಗೆ ಸೇರದ ಬೇರೊಬ್ಬರು ಕೂರಿಸಿಕೊಂಡು ಮಾತಾಡಿಸಬೇಕು. ಆ ರಾತ್ರಿಯ ಕೆಲಸ ಅವನು ಬದುಕಿ ಬಂದದ್ದನ್ನು ನೋಡಿ ಹೊಟ್ಟೆಗೆ ಹಾಕುವುದಷ್ಟೆ. ಹಾಗಂತ ಇದು ಸಡಿಲ ಬಿಡುವುದಲ್ಲ. ನನ್ನ ತಾಯಿಯೂ ಎಷ್ಟೋ ಸಲ ಇದನ್ನೇ ಮಾಡಿದ್ದಾಳೆ. ಆದರೆ ಅವಳು ಮುದ್ದೆ ಬಡಿಸುವಾಗ ಬೈಗುಳವೂ ಜೊತೆಗೇ ಬೀಳುತ್ತಿತ್ತು.

ಇನ್ನೊಂದು ಕಷ್ಟದ ಪಾಠ ದಿನಚರಿ ಬರೆಯುವುದು. ‘ಅವನು ಇಂದು ಒರಟಾಗಿ ನಡೆದುಕೊಂಡ’ ಎಂದು ಬರೆಯುವಂತಿಲ್ಲ. ‘ಬಾಗಿಲನ್ನು ಎರಡು ಸಲ ಜೋರಾಗಿ ಹಾಕಿದ, ಕೌನ್ಸಿಲ್ಲಿನಿಂದ ಫೋನ್ ಬಂದ ನಂತರ’ ಎಂದು ಬರೆಯಬೇಕು. ಏಕೆಂದರೆ ಇದನ್ನು ಓದುವವನು ಅವನೇ. ದೊಡ್ಡವನಾದ ಮೇಲೆ ತನ್ನ ಕಡತ ಕೇಳಿ ಪಡೆಯುವ ಹಕ್ಕು ಅವನಿಗಿದೆ, ಮಕ್ಕಳ ನಿಲಯಗಳಲ್ಲಂತೂ ಮಗುವಿನ ದಾಖಲೆಯನ್ನು ಅದು ಹುಟ್ಟಿ 75 ವರ್ಷವಾಗುವವರೆಗೆ ಕಾಪಿಡಬೇಕೆಂದು ನಿಯಮ. ಸೋಮನಹಳ್ಳಿಯಲ್ಲಿ ನಾನು ಮೂರು ವರ್ಷದವನಿದ್ದಾಗ ಏನು ತಿಂದು ಯಾರ ಮೇಲೆ ವಾಂತಿ ಮಾಡಿಕೊಂಡೆ ಎಂದು ಹೇಳಲು ಇವತ್ತಿಗೂ ಮೂರು ಮುದುಕಿಯರಿದ್ದಾರೆ. ಇವನ ಬಾಲ್ಯಕ್ಕೆ ಸಾಕ್ಷಿ ನಾನು ನಿದ್ದೆಗಣ್ಣಿನಲ್ಲಿ ಬರೆಯುವ ಈ ನಾಲ್ಕು ಸಾಲು. ಅದನ್ನು ನೆನೆದಾಗಲೆಲ್ಲ ಅಕ್ಷರ ದುಂಡಾಗುತ್ತದೆ.

ಮನೆಯಲ್ಲಿ ಒಬ್ಬ ಅಫ್ಘಾನ್ ಹುಡುಗನಿದ್ದ. ಜೊತೆಗೆ ಯಾರೂ ಇಲ್ಲದೆ ಗಡಿಗಳನ್ನು ದಾಟಿ ಬಂದವನು. ಹೇಗೆ ಬಂದೆ ಎಂದು ನಾವು ಕೇಳುವಂತಿಲ್ಲ. ಅದನ್ನು ಕೇಳಲು ಹೋಂ ಆಫೀಸಿದೆ, ವಕೀಲರಿದ್ದಾರೆ, ಬಂದವರೆಲ್ಲ ಅವನನ್ನು ಕೇಳುವುದೂ ಅದನ್ನೇ. ಫೋನಿನಲ್ಲಿ ಪಷ್ತೋ ದುಭಾಷಿ ಸಿಕ್ಕಾಗ ಬೇಕಾದಷ್ಟು ಮಾತ್ರ ಮಾತು, ಉಳಿದಂತೆ ಮೌನ. ಅಕ್ಟೋಬರ್ 15, ಭಾನುವಾರ. ದೆಹಲಿಯಲ್ಲಿ ವಿಶ್ವಕಪ್ಪಿನ ಇಂಗ್ಲೆಂಡ್–ಅಫ್ಘಾನಿಸ್ತಾನ ಪಂದ್ಯ. ಅಲ್ಲಿ ಮಧ್ಯಾಹ್ನವಾದರೆ ನಮಗೆ ಬೆಳಗಿನ ತಿಂಡಿ ಹೊತ್ತು. ಅವನು ಅಡಿಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಫೋನ್ ಒರಗಿಸಿಕೊಂಡು ಕೂತಿದ್ದ. ನಾನೂ ಸ್ಟೂಲು ಎಳೆದುಕೊಂಡೆ. ಗುರ್ಬಾಜ್ 57 ಎಸೆತಕ್ಕೆ 80 ಹೊಡೆದು ರನೌಟಾದಾಗ ಅವನು ಮೇಜಿಗೆ ಗುದ್ದಿದ. 284. ಮಧ್ಯಾಹ್ನದ ಹೊತ್ತಿಗೆ ಹ್ಯಾರಿ ಬ್ರೂಕ್ ಒಬ್ಬನೇ ಉಳಿದಿದ್ದ, ಮುಜೀಬ್ ಅವನನ್ನೂ ಕಳಿಸಿದ. ಇಂಗ್ಲೆಂಡ್ 215ಕ್ಕೆ ಆಲೌಟ್; 69 ರನ್ನಿನ ಗೆಲುವು. ಹುಡುಗ ಎದ್ದು ಕುಣಿದ, ನನ್ನ ಭುಜ ಹಿಡಿದು ಅಲ್ಲಾಡಿಸಿದ, ಪಷ್ತೋದಲ್ಲಿ ಒಂದೇ ಸಮನೆ ಏನೇನೋ ಹೇಳಿದ. ನನಗೆ ರಷೀದ್ ಖಾನ್ ಎಂಬ ಹೆಸರು ಬಿಟ್ಟು ಏನೂ ತಿಳಿಯಲಿಲ್ಲ. ಲ್ಯಾಂಕಾಷೈರಿನ ಇಬ್ಬರು ಹುಡುಗರು ಮೇಲಿನಿಂದ ಇಳಿದುಬಂದು, ತಮ್ಮ ದೇಶ ಸೋತಿತೆಂದು ಗೊತ್ತಾದ ಮೇಲೂ, ಕ್ರಿಕೆಟ್ ಯಾರು ನೋಡ್ತಾರೆ ಎಂದು ಮತ್ತೆ ಮಲಗಲು ಹೋದರು. ಮುಂದಿನ ವಾರದಿಂದ ಅವನು ನನ್ನನ್ನು ಕೊಹ್ಲಿ ಎಂದು ಕರೆಯತೊಡಗಿದ. ಬೆಂಗಳೂರಿನ ತಂಡದವನು ಅಂತ ಲೆಕ್ಕ ಇರಬೇಕು.

ಮಾತು ಎಲ್ಲಿ ಹುಟ್ಟುತ್ತದೆ ಎನ್ನುವುದನ್ನು ಇಲ್ಲಿಯ ಕೆಲಸಗಾರರು ಚೆನ್ನಾಗಿ ಬಲ್ಲರು. ಎದುರುಬದುರು ಕೂರಿಸಿದರೆ ಹುಡುಗ ಬಾಯಿ ಬಿಡುವುದಿಲ್ಲ, ಕಾರಿನಲ್ಲಿ ಪಕ್ಕ ಕೂರಿಸಿಕೊಂಡರೆ ಬಿಡುತ್ತಾನೆ. ಇಬ್ಬರ ಕಣ್ಣೂ ರಸ್ತೆಯ ಮೇಲಿರುತ್ತದಲ್ಲ. ಬ್ರಿಟನ್ನಿನ ಮೊದಲ ಮೋಟರ್‌ವೇ ಪ್ರೆಸ್ಟನ್ ಬೈಪಾಸ್, 1958ರ ಡಿಸೆಂಬರಿನಲ್ಲಿ ತೆರೆದದ್ದು. ಈಗ ಅದು ಎಂ6ರ ಒಂದು ತುಂಡು. ಅದರ ಮೇಲೆ ಹೋಗಿ ಎಡಕ್ಕೆ ಎಂ55 ಹಿಡಿದರೆ ಬ್ಲ್ಯಾಕ್‌ಪೂಲ್. ಒಂದು ಸಂಜೆ ಟೋಸ್ಟಿನ ಹುಡುಗನನ್ನು ಅಲ್ಲಿಯ ದೀಪಾಲಂಕಾರ ನೋಡಲು ಕರೆದುಕೊಂಡು ಹೊರಟಿದ್ದೆ. ಕಡಲ ದಂಡೆಯಲ್ಲಿ ಮೈಲಿಗಟ್ಟಲೆ ಹಬ್ಬುವ ದೀಪಗಳವು. 1879ರಲ್ಲಿ ಎಂಟು ವಿದ್ಯುತ್ ದೀಪಗಳಿಂದ ಶುರುವಾದದ್ದು. ಮಳೆ ಜಿನುಗುತ್ತಿತ್ತು. ಅರ್ಧ ದಾರಿಯಲ್ಲಿ ಅವನು ರೇಡಿಯೊ ಸಣ್ಣ ಮಾಡಿ ಹೇಳಿದ: “ಅಮ್ಮ ಮನೆ ಬದಲಾಯಿಸಿದಾಳಂತೆ. ವಿಳಾಸ ನನಗೆ ಕೊಟ್ಟಿಲ್ಲ.”

ನಾನು ಹೂಂ ಅಂದೆ. ವೈಪರ್ ಅತ್ತಿತ್ತ ಆಡುತ್ತಿತ್ತು. ಎಷ್ಟಾದರೂ ತಾಯಿ, ಅವಳಿಗೂ ಏನು ಕಷ್ಟವೋ, ನೀನು ಓದಿ ಮುಂದೆ ಬಂದರೆ ತಾನೇ ಹುಡುಕಿಕೊಂಡು ಬರ್ತಾಳೆ: ಇಷ್ಟೂ ವಾಕ್ಯ ಕನ್ನಡದಲ್ಲೇ ಬಾಯಿಗೆ ಬಂದು ಹಿಂದಿರುಗಿದವು. ಅವನೇ ಮುಂದುವರಿಸಿದ. ಹಳೆಯ ಮನೆಯಲ್ಲಿ ತನ್ನ ಸೈಕಲ್ ಇತ್ತು, ಅದೇನಾಯಿತೋ ಎಂದ. ಮಾರನೆಯ ದಿನ ಸೋಷಿಯಲ್ ವರ್ಕರಿಗೆ ಫೋನ್ ಮಾಡಿ ಸೈಕಲ್ಲಿನ ವಿಚಾರ ಕೇಳಿದೆವು. ಸಿಕ್ಕಿತು. ತುಕ್ಕು ಹಿಡಿದಿತ್ತು. ಇಬ್ಬರೂ ಹಿತ್ತಲಲ್ಲಿ ಕೂತು ಚೈನು ಬದಲಾಯಿಸಿದೆವು. ವಿಳಾಸದ ಮಾತು ಇನ್ನೂ ಬಗೆಹರಿದಿರಲಿಲ್ಲ.

2024ರ ಡಿಸೆಂಬರ್ 10ರ ನಸುಕಿನಲ್ಲಿ ಕೃಷ್ಣ ತೀರಿಕೊಂಡರು. ಮರುದಿನ ಸಂಸ್ಕಾರ ಸೋಮನಹಳ್ಳಿಯಲ್ಲೇ, ಸರ್ಕಾರಿ ಗೌರವದೊಂದಿಗೆ. ನಾನು ಪ್ರೆಸ್ಟನ್ನಿನ ಅಡಿಗೆಮನೆಯಲ್ಲಿ ಫೋನಿನಲ್ಲಿ ನೇರಪ್ರಸಾರ ನೋಡುತ್ತಿದ್ದೆ. ಹೊಸದಾಗಿ ಬಂದಿದ್ದ ಹುಡುಗನೊಬ್ಬ ಹೆಗಲ ಮೇಲಿಂದ ಬಗ್ಗಿ ನೋಡಿದ. ಪೊಲೀಸ್ ಸಾಲು, ಜನಜಂಗುಳಿ, ತೆಂಗಿನ ಮರಗಳು.

“ಯಾರು, ನಿಮ್ಮ ರಾಜನಾ?”

“ನಮ್ಮೂರಿನವರು. ಮುಖ್ಯಮಂತ್ರಿಯಾಗಿದ್ದರು.”

“ಇಷ್ಟು ಜನ ನಿಮ್ಮ ನೆಂಟರಾ?”

ಅಂಚಿನಲ್ಲಿ ನಿಂತವರಲ್ಲಿ ಒಂದಿಬ್ಬರು ನಿಜಕ್ಕೂ ನೆಂಟರೇ ಇದ್ದರು, ತೋರಿಸಿದೆ. ಅವನು ಸ್ವಲ್ಪ ಹೊತ್ತು ನೋಡಿ, “ಇಷ್ಟು ನೆಂಟರಿದ್ದರೆ ನನಗೆ ತಲೆ ಕೆಟ್ಟುಹೋಗೋದು” ಅಂದು ಸೀರಿಯಲ್ ಬಟ್ಟಲಿಗೆ ಹಾಲು ಸುರಿದುಕೊಂಡ.

ಅಲ್ಲಿಯವರಿಗೆ ನೆಂಟರಿಲ್ಲ, ನಮ್ಮಲ್ಲಿ ತುಂಬ ಇದ್ದಾರೆ ಎಂದು ಹೆಮ್ಮೆಪಡುವ ಪ್ರವಾಸ ಕಥನಗಳು ಕನ್ನಡದಲ್ಲಿ ಸಾಕಷ್ಟು ಬಂದಿವೆ. ನನಗೆ ಆ ಹೆಮ್ಮೆ ಉಳಿದಿಲ್ಲ. ನೆಂಟರಿಲ್ಲದ ಮಕ್ಕಳು ನಮ್ಮಲ್ಲೂ ಇದ್ದಾರೆ. ಬಾಲಮಂದಿರದಿಂದ ಹದಿನೆಂಟಕ್ಕೆ ಹೊರಬಂದವರಿಗೆ 2015ರ ಬಾಲನ್ಯಾಯ ಕಾಯ್ದೆ 21ರವರೆಗೆ ಅನುಪಾಲನೆ ಸಿಗಬೇಕೆನ್ನುತ್ತದೆ. ಇಂಗ್ಲೆಂಡಿನ ಕಾಯ್ದೆ, 2017ರ ನಂತರ, ಬೇಕೆಂದವರಿಗೆ 25ರವರೆಗೆ ಸಲಹೆಗಾರರೊಬ್ಬರನ್ನು ಕೊಡುತ್ತದೆ. ನಾಲ್ಕು ವರ್ಷ ದೊಡ್ಡದೇ. ಆದರೆ ಅಲ್ಲಿಯೂ ಆ ಸಲಹೆಗಾರರ ಹೆಸರು ಹುಡುಗನಿಗೆ ಗೊತ್ತಾಗುವಷ್ಟರಲ್ಲಿ ಅವರು ಕೆಲಸ ಬಿಟ್ಟಿರುವುದುಂಟು. ಕೂರುವವರು ಎಲ್ಲ ಕಡೆಯೂ ಕಡಿಮೆ.

ಉತ್ತರ ಇಂಗ್ಲೆಂಡಿನ ಕನ್ನಡಿಗರ ಕೂಟವೊಂದಕ್ಕೆ ಹೋಗಿದ್ದೆ. ಡಾಕ್ಟರುಗಳು, ಸಾಫ್ಟ್‌ವೇರಿನವರು, ಒಳ್ಳೆಯ ಬಿಸಿಬೇಳೆಬಾತ್. ಯಾವ ಕಂಪನಿ ಎಂದು ಕೇಳಿದವರಿಗೆ ಕೆಲಸ ವಿವರಿಸಿದರೆ, “ಓ, ಸೋಷಿಯಲ್ ಸರ್ವೀಸ್” ಎಂದು ಮಾತು ರಾಜ್ಯೋತ್ಸವದ ಕಡೆಗೆ ತಿರುಗುತ್ತಿತ್ತು. ಹಿರಿಯ ವೈದ್ಯೆಯೊಬ್ಬರು ಮಾತ್ರ ಪಕ್ಕಕ್ಕೆ ಕರೆದು, ತಮ್ಮ ಮೊಮ್ಮಗ ಕೋಣೆಯಿಂದ ಹೊರಗೇ ಬರುತ್ತಿಲ್ಲ, ಏನು ಮಾಡೋದು ಎಂದರು. ನನ್ನ ಹತ್ತಿರ ಟೋಸ್ಟಿಗಿಂತ ದೊಡ್ಡ ಉತ್ತರ ಇರಲಿಲ್ಲ. ಹೇಳಿದೆ. ಅವರು ನಗಲಿಲ್ಲ, ಯಾವ ಬ್ರೆಡ್ಡು ಎಂದು ಕೇಳಿದರು.

ಈಗ ಮದ್ದೂರು, ಮಳವಳ್ಳಿ ಕಡೆಯಿಂದ ವಾಟ್ಸಾಪ್ ಕರೆ ಬರುವುದು ಬೇರೆ ವಿಷಯಕ್ಕೆ: ಇಂಗ್ಲೆಂಡಿಗೆ ಬರುವುದು ಹೇಗೆ? ನಾನು ಬಂದ ದಾರಿ ನನ್ನ ಹಿಂದೆಯೇ ಮುಚ್ಚಿಕೊಂಡಿತು. 2024ರ ಮಾರ್ಚ್ 11ರಿಂದ ಆರೈಕೆ ಕೆಲಸಕ್ಕೆ ಹೊಸದಾಗಿ ಬರುವವರು ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಏಪ್ರಿಲ್ 4ರಿಂದ ನುರಿತ ಕೆಲಸದ ವೀಸಾಕ್ಕೆ ಬೇಕಾದ ಸಾಮಾನ್ಯ ಸಂಬಳದ ಮಟ್ಟ 26,200 ಪೌಂಡಿನಿಂದ 38,700ಕ್ಕೆ ಏರಿತು. 2025ರ ಜುಲೈ 22ರಿಂದ, ಕೆಲವು ವಿನಾಯಿತಿ ಬಿಟ್ಟರೆ, ಪದವಿ ಮಟ್ಟದ ಹುದ್ದೆಗಳಿಗಷ್ಟೇ ಹೊಸ ವೀಸಾ ಎಂಬ ನಿಯಮ, ಆರೈಕೆ ಕೆಲಸಗಾರರನ್ನು ಹೊರದೇಶದಿಂದ ಕರೆಸುವುದಕ್ಕೆ ತೆರೆ. ಎಂಎಸ್‌ಡಬ್ಲ್ಯು ಓದಿದವರಿಗೆ ಸೋಷಿಯಲ್ ವರ್ಕರ್ ಹುದ್ದೆಯ ಬಾಗಿಲು ಉಳಿದಿದೆ. ಆದರೆ ಅದಕ್ಕೆ ಮೊದಲು ಸೋಷಿಯಲ್ ವರ್ಕ್ ಇಂಗ್ಲೆಂಡ್ ಎಂಬ ಸಂಸ್ಥೆಯಲ್ಲಿ ನೋಂದಣಿಯಾಗಬೇಕು. ಇದನ್ನೆಲ್ಲ ಮುಚ್ಚಿಟ್ಟು ಇನ್ನೂ ಹತ್ತು ಹನ್ನೆರಡು ಲಕ್ಷ ಕೇಳುವ ಏಜೆಂಟರು ನಮ್ಮ ಕಡೆ ಓಡಾಡುತ್ತಿದ್ದಾರೆ.

ಹೋದ ವಾರ ಒಬ್ಬ ಅಪ್ಪ ಫೋನ್ ಮಾಡಿದ್ದರು. ಮಗನಿಗೆ ಇಂಗ್ಲೆಂಡಿನಲ್ಲಿ ಮಕ್ಕಳ ಮನೆ ಕೆಲಸ ಪಕ್ಕಾ ಆಗಿದೆಯಂತೆ, ಗದ್ದೆ ಅಡ ಇಡಬೇಕು, ಅರ್ಧ ಈಗ ಅರ್ಧ ಆಮೇಲೆ. ಇಂಥವರ ಜೊತೆ ಹೂಂಗುಟ್ಟುತ್ತ ಕೂರುವ ತಾಳ್ಮೆ ನನಗಿಲ್ಲ, ಇರಲೂಬಾರದು. ಗಟ್ಟಿ ದನಿಯಲ್ಲಿ ಬುದ್ಧಿ ಹೇಳಿದೆ. ಒಂದು ರೂಪಾಯಿ ಕೊಡಬೇಡಿ. ಹುದ್ದೆ ಯಾವುದು, ಅದಕ್ಕೆ ಈಗ ವೀಸಾ ಉಂಟೋ ಇಲ್ಲವೋ ಮೊದಲು ನೋಡಿ. ಏಜೆಂಟನ ನೋಂದಣಿ ಸಂಖ್ಯೆ ಕೇಳಿ, ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ತಾಣದಲ್ಲಿ ಹುಡುಕಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೂ ರಸೀತಿ ಕೊಡಬೇಕು. ಗದ್ದೆ ಪತ್ರ ಬೀರುವಿನಲ್ಲೇ ಇರಲಿ.

ಅವರು ಸುಮ್ಮನೆ ಕೇಳಿಸಿಕೊಂಡು, “ಮುಂಗಡ ಅಂತ ಒಸಿ ಕೊಟ್ಬುಟ್ಟಿದ್ದೀನಲ್ಲಪ್ಪ” ಅಂದರು. ಎಷ್ಟು ಎಂದು ಕೇಳಿದೆ. ಹೇಳಲಿಲ್ಲ. ಕೊಟ್ಟಿದ್ದಕ್ಕೆ ಕಾಗದ ಇದೆಯಾ, ಬ್ಯಾಂಕಿನಲ್ಲಿ ಹಾಕಿದ್ದಾ ಕೈಯಲ್ಲಿ ಕೊಟ್ಟಿದ್ದಾ ಎಂದು ಕೇಳಿ, ದೂರು ಬರೆಯುವುದು ಹೇಗೆಂದು ಶುರುಮಾಡಿದೆವು.